ತೈಕೊ ಕಲಿಯುವುದಾದರೆ: ಮೊದಲು ಬಾಯಿ, ಆಮೇಲೆ ಕಾಲು, ಕೊನೆಗೆ ಕೈ

ಜಪಾನಿನ ದೊಡ್ಡ ಡೋಲು ತೈಕೊ. ಅದನ್ನು ಒಮ್ಮೆ ಹತ್ತಿರದಿಂದ ಕೇಳಿದವರಿಗೆ ಕೈ ಸುಮ್ಮನಿರುವುದಿಲ್ಲ. ನಾನೂ ಬಾರಿಸಿ ನೋಡಬೇಕು ಅನ್ನಿಸುತ್ತದೆ. ಮರುಕ್ಷಣವೇ ಅನುಮಾನ: ಈ ವಯಸ್ಸಿನಲ್ಲಾ? ನಮ್ಮಲ್ಲಿ ತಾಳವಾದ್ಯ ಅಂದರೆ ಏಳೆಂಟು ವರ್ಷಕ್ಕೇ ಗುರುಗಳ ಮುಂದೆ ಕೂರಿಸುವುದು ರೂಢಿ. ಹಾಗಾಗಿ ನಲವತ್ತು ದಾಟಿದವರು ಆಸೆಯನ್ನು ಅಲ್ಲೇ ನುಂಗಿಬಿಡುತ್ತಾರೆ. ದಯವಿಟ್ಟು ನುಂಗಬೇಡಿ. ದೊಡ್ಡವರಾದ ಮೇಲೆ ಕಲಿಯಲು ಇಷ್ಟು ಹೊಂದುವ ತಾಳವಾದ್ಯ ಇನ್ನೊಂದಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ನಂಬಿಕೆಗೆ ಕಾರಣವಿದೆ. ವೇದಿಕೆಯ ಮೇಲೆ ನಾವು ನೋಡುವ ತಂಡದ ತೈಕೊ ಅಷ್ಟೇನೂ ಹಳೆಯದಲ್ಲ. ಡೋಲು ಹಳೆಯದು. ದೇವಸ್ಥಾನ, ಊರಹಬ್ಬ, ‘ನೋ’ ಎಂಬ ಹಳೆಯ ಜಪಾನಿ ನಾಟಕ, ಎಲ್ಲ ಕಡೆ ಅದು ನೂರಾರು ವರ್ಷಗಳಿಂದ ಇತ್ತು. ಆದರೆ ಬೇರೆ ಬೇರೆ ಗಾತ್ರದ ಡೋಲುಗಳನ್ನು ಒಟ್ಟಿಗೆ ಇಟ್ಟು, ಒಂದೊಂದಕ್ಕೂ ಒಂದೊಂದು ಪಾಲು ಹಂಚಿ ಬಾರಿಸುವ ಪದ್ಧತಿ ಶುರುವಾದದ್ದು 1951ರಲ್ಲಿ, ನಾಗಾನೊ ಪ್ರಾಂತ್ಯದ ಒಕಾಯದಲ್ಲಿ. ಶುರು ಮಾಡಿದ ಓಗುಚಿ ದೈಹಚಿ ಜಾಝ್ ಡ್ರಮ್ಮರ್. ಹಳೆಯ ತೈಕೊ ಬರಹವೊಂದು ಅವರ ಕೈಗೆ ಬಂತು. ಅದನ್ನು ಒಂದೇ ಡೋಲಿನಲ್ಲಿ ನುಡಿಸಿದರೆ ಸಪ್ಪೆ ಅನ್ನಿಸಿ, ಡ್ರಮ್ ಸೆಟ್ಟಿನ ಹಾಗೆ ಹಲವು ಡೋಲುಗಳಿಗೆ ಹಂಚಿದರು. ಅಮೆರಿಕದಲ್ಲಿ 1969ರಲ್ಲಿ ಶುರುವಾದ ಕಿನ್ನರ ತೈಕೊ ಲಾಸ್ ಏಂಜಲೀಸ್‌ನ ಒಂದು ಬೌದ್ಧ ದೇವಾಲಯದ ಸದಸ್ಯರ ತಂಡ. ಡೋಲು ಕೊಳ್ಳಲು ದುಡ್ಡಿಲ್ಲದೆ ವೈನ್ ಪೀಪಾಯಿಗೆ ಚರ್ಮ ಬಿಗಿದುಕೊಂಡರು. ಕೆಲಸ, ಮನೆ ಎಲ್ಲ ಇದ್ದ ಸಾಮಾನ್ಯ ಜನರೇ ಬೆಳೆಸಿದ ಕಲೆ ಇದು.

ಹೆದರಿಸುವ ಕಥೆಗಳೂ ಇವೆ. 1969ರಲ್ಲಿ ಸಾದೊ ದ್ವೀಪದಲ್ಲಿ ಹುಟ್ಟಿದ ಒಂದೆಕೊಜ ತಂಡದವರು 1975ರಲ್ಲಿ ಬಾಸ್ಟನ್ ಮ್ಯಾರಥಾನ್ ಓಡಿ, ಓಟ ಮುಗಿದ ಕೂಡಲೇ ಡೋಲು ಬಾರಿಸಿದರು. ಅದೇ ದ್ವೀಪದ ಕೊದೊ ತಂಡ ಸೇರಬೇಕಾದರೆ ಎರಡು ವರ್ಷ ಅಲ್ಲೇ ಉಳಿದು ಕಲಿಯಬೇಕು. ಅದು ವೃತ್ತಿಪರರ ದಾರಿ. ನಾವು ಮಾತಾಡುತ್ತಿರುವುದು ವಾರಕ್ಕೊಂದು ಸಂಜೆ ಬಿಡುವಿರುವವರ ಬಗ್ಗೆ.

ಮೊದಲು ಒಂದು ಸಲ ಎದುರಿಗೆ ನಿಂತು ಕೇಳಿ

ವೀಡಿಯೊ ಸಾಲದು. ಫೋನಿನ ಸ್ಪೀಕರಿಗೆ ತೈಕೊದ ಕೆಳದನಿ ಬರುವುದೇ ಇಲ್ಲ. ಜಪಾನಿನಲ್ಲಿದ್ದರೆ ಜುಲೈ, ಆಗಸ್ಟ್ ತಿಂಗಳಲ್ಲಿ ತೀರಿಕೊಂಡ ಹಿರಿಯರನ್ನು ನೆನೆಯುವ ಬೋನ್ ಹಬ್ಬ ಕಾದು ನೋಡಿ. ಬೀದಿ ಬೀದಿಯಲ್ಲೂ ಮರದ ಅಟ್ಟಣೆ ಕಟ್ಟಿ, ಮೇಲೆ ಡೋಲು ಇಟ್ಟು, ಸುತ್ತ ಜನ ಕುಣಿಯುತ್ತಾರೆ. ಟೋಕಿಯೊದ ನಿಶಿ ಕಸಾಯ್ ಕಡೆ ನಮ್ಮವರು ಜಾಸ್ತಿ ಇದ್ದಾರೆ, ಅವರಿಗೆ ಇದು ಮನೆ ಬಾಗಿಲಲ್ಲೇ ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿದ್ದರೆ ಸ್ಯಾನ್ ಹೋಸೆ ಜಪಾನ್‌ಟೌನ್‌ನ ಓಬೋನ್ (ಇದೇ ಬೋನ್ ಹಬ್ಬ) ಜುಲೈನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಚೆರ್ರಿ ಹೂವಿನ ಹಬ್ಬ ಏಪ್ರಿಲ್‌ನಲ್ಲಿ. ಬೆಂಗಳೂರಿನವರು ಜಪಾನ್ ಹಬ್ಬದ ಕಾರ್ಯಕ್ರಮ ಪಟ್ಟಿಯ ಮೇಲೆ ಕಣ್ಣಿಡಿ.

ಹೋದಾಗ ಮುಂದಿನ ಸಾಲಿನ ನಡುವೆ ನಿಲ್ಲಬೇಡಿ, ವೇದಿಕೆಯ ಪಕ್ಕಕ್ಕೆ ಬನ್ನಿ. ಮುಂದೆ ನಿಂತರೆ ಕೈಗಳು ಮಾತ್ರ ಕಾಣುತ್ತವೆ. ಪಕ್ಕದಿಂದ ನೋಡಿದರೆ ಕಾಲು, ಸೊಂಟ ಕಾಣುತ್ತವೆ. ಹಿಂದೆ ಕೂತು ಚಿಕ್ಕ ಡೋಲಿನಲ್ಲಿ ಒಂದೇ ನಡೆಯನ್ನು ಬಿಡದೆ ಬಾರಿಸುತ್ತಿರುವ ಒಬ್ಬರೂ ಕಾಣುತ್ತಾರೆ. ಇಡೀ ತಂಡ ನಿಂತಿರುವುದು ಅವರ ಮೇಲೆ. ಅವರನ್ನು ಸ್ವಲ್ಪ ಹೊತ್ತು ಗಮನಿಸಿ.

ತರಗತಿ ಹುಡುಕುವುದು

ಇದನ್ನು ಒಬ್ಬರೇ ಮನೆಯಲ್ಲಿ ಕೂತು ಕಲಿಯಲು ಆಗುವುದಿಲ್ಲ. ಜಪಾನಿನಲ್ಲಿ ಊರೂರಿನ ಸಮುದಾಯ ಭವನಗಳಲ್ಲಿ ಹವ್ಯಾಸಿ ಗುಂಪುಗಳಿವೆ. ಟೋಕಿಯೊದಲ್ಲಿ ತೈಕೊ ಲ್ಯಾಬ್‌ನಂಥ ಶಾಲೆಗಳು ಹೊಸಬರಿಗೇ ತರಗತಿ ನಡೆಸುತ್ತವೆ. ಸುಮ್ನೆ ಒಂದು ಸಲ ಕೈ ಆಡಿಸಿ ನೋಡಬೇಕೆಂದರೆ ಸಾದೊ ದ್ವೀಪದ ತತಕೊಕನ್ ಕೇಂದ್ರದಲ್ಲಿ ಪ್ರವಾಸಿಗರಿಗೂ ಡೋಲು ಕೊಡುತ್ತಾರೆ. ಅಮೆರಿಕದಲ್ಲಿ ತನಾಕಾ ಸೆಯಿಚಿ 1968ರಲ್ಲಿ ಕಟ್ಟಿದ ಸ್ಯಾನ್ ಫ್ರಾನ್ಸಿಸ್ಕೊ ತೈಕೊ ದೋಜೊ ಮೊದಲನೆಯದು. ಸ್ಯಾನ್ ಹೋಸೆ ತೈಕೊ 1973ರದ್ದು. ಸನ್ನಿವೇಲ್, ಫ್ರೀಮಾಂಟ್ ಕಡೆಯ ಕನ್ನಡಿಗರಿಗೆ ಇವೆರಡೂ ಕಾರಿನಲ್ಲಿ ಹೋಗಿ ಬರುವ ದೂರ. ಕರ್ನಾಟಕದಲ್ಲಿ ವಾರವಾರದ ತರಗತಿ ಸಿಗುವುದು ಸುಲಭವಲ್ಲ. ಜಪಾನಿ ಭಾಷೆ ಕಲಿಸುವ ಕಡೆ ವಿಚಾರಿಸಿ, ಬಂದು ಹೋಗುವ ಕಲಾವಿದರ ಕಾರ್ಯಾಗಾರದ ಸುದ್ದಿ ಮೊದಲು ಮುಟ್ಟುವುದು ಅಲ್ಲಿಗೇ.

ಸೇರುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ಇದು ಕಲಿಯುವವರ ತರಗತಿಯೋ, ಪ್ರದರ್ಶನ ಕೊಡುವ ತಂಡವೋ? ತರಗತಿಯಾದರೆ ಶುಲ್ಕ ಕೊಟ್ಟು ನಿಮ್ಮ ವೇಗದಲ್ಲಿ ಕಲಿಯಬಹುದು. ತಂಡವಾದರೆ ಆಯ್ಕೆ ಪರೀಕ್ಷೆ, ಡೋಲು ಹೊರುವುದು, ವಾರಾಂತ್ಯದ ಪ್ರದರ್ಶನ ಎಲ್ಲ ಇರುತ್ತದೆ. ಎರಡೂ ಒಳ್ಳೆಯವೇ. ಮೊದಲ ವರ್ಷ ಮಾತ್ರ ತರಗತಿಯಲ್ಲೇ ಇರಿ. ಡೋಲು ಅವರೇ ಕೊಡುತ್ತಾರಾ, ಮಂಡಿನೋವು ಇದ್ದವರಿಗೆ ನಿಲುವು ಬದಲಿಸಿ ಕಲಿಸುತ್ತಾರಾ, ಇವನ್ನೂ ಕೇಳಿಕೊಳ್ಳಿ. ಮಂಡಿಯ ವಿಷಯ ಕೇಳಿದಾಗ ಮುಖ ಸಿಂಡರಿಸುವ ಕಡೆ ಸೇರಬೇಡಿ.

ಏನು ಕೊಳ್ಳಬೇಕು, ಏನು ಕೊಳ್ಳಬಾರದು

ಡೋಲು ಕೊಳ್ಳಬೇಡಿ. ನಗಾದೊ ಎಂಬ ಮುಖ್ಯ ಡೋಲನ್ನು ಒಂದೇ ಮರದ ದಿಮ್ಮಿ ಕೊರೆದು ಮಾಡುತ್ತಾರೆ. ಒಳ್ಳೆಯದಕ್ಕೆ ಕೆಯಾಕಿ ಮರವೇ ಬೇಕು. ಕೊರೆದ ದಿಮ್ಮಿ ವರ್ಷಗಟ್ಟಲೆ ಒಣಗಬೇಕು, ಆಮೇಲೆ ಹಸುವಿನ ಚರ್ಮ ಎಳೆದು ಮೊಳೆ ಹೊಡೆಯುತ್ತಾರೆ. ಬೆಲೆ ಲಕ್ಷಗಟ್ಟಲೆ ರೂಪಾಯಿ. ಇಶಿಕಾವದ ಅಸಾನೊ ತೈಕೊ 1609ರಿಂದ, ಟೋಕಿಯೊ ಅಸಾಕುಸದ ಮಿಯಾಮೊತೊ ಉನೊಸುಕೆ 1861ರಿಂದ ಇದೇ ಕೆಲಸ ಮಾಡಿಕೊಂಡು ಬಂದಿವೆ. ಅಸಾಕುಸ ಕಡೆ ಹೋದರೆ ಮಿಯಾಮೊತೊದವರ ಡೋಲು ವಸ್ತುಸಂಗ್ರಹಾಲಯ ನೋಡಿ ಬನ್ನಿ.

ಬಚಿ ಮಾತ್ರ ಸ್ವಂತದ್ದಿರಲಿ. ಬಚಿ ಅಂದರೆ ಬಾರಿಸುವ ಕೋಲು. ನಡುಗಾತ್ರದ ನಗಾದೊಗೆ ಸುಮಾರು 40 ಸೆಂ.ಮೀ. ಉದ್ದ, 22ರಿಂದ 25 ಮಿ.ಮೀ. ದಪ್ಪದ್ದು ಸಾಮಾನ್ಯ. ಓಕ್ ಮರದ್ದು ಭಾರ, ಹೋ ಅಥವಾ ಹಿನೊಕಿ ಮರದ್ದು ಹಗುರ. ಮಣಿಕಟ್ಟು ಇನ್ನೂ ಗಟ್ಟಿಯಾಗದವರಿಗೆ ಹಗುರದ್ದೇ ವಾಸಿ. ಕೊಳ್ಳುವ ಮುಂಚೆ ಗುರುಗಳನ್ನು ಕೇಳಿ, ಒಂದೊಂದು ಗುಂಪಿನ ಅಳತೆ ಒಂದೊಂದು. ಜೊತೆಗೆ ಸಡಿಲ ಪ್ಯಾಂಟು, ಟವೆಲ್, ನೀರಿನ ಬಾಟಲಿ ಸಾಕು.

ಕಿವಿಯ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ಇದನ್ನು ಜನ ಹಗುರವಾಗಿ ತಗೊಳ್ಳುತ್ತಾರೆ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು ಎಂದು ಕೆಲಸದ ಜಾಗಗಳಿಗೆ ಒಂದು ಮಿತಿ ಇದೆ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್‌ಗೆ ಬಂದರೆ ಉಳಿಯುವುದು 15 ನಿಮಿಷ. ಮುಚ್ಚಿದ ಕೋಣೆಯಲ್ಲಿ ಏಳೆಂಟು ಡೋಲು ಒಟ್ಟಿಗೆ ಎದ್ದರೆ ಅಷ್ಟು ಸದ್ದು ಸುಲಭವಾಗಿ ಆಗುತ್ತದೆ. ಹೋದ ಕಿವಿ ವಾಪಸ್ ಬರುವುದಿಲ್ಲ. ಮೊದಲ ದಿನದಿಂದಲೇ ಇಯರ್‌ಪ್ಲಗ್ ಹಾಕಿ. ಮೆಡಿಕಲ್ ಶಾಪಿನ ಸ್ಪಂಜಿನ ಪ್ಲಗ್ ನಡೆಯುತ್ತದೆ. ಸಂಗೀತಗಾರರಿಗೆಂದೇ ಬರುವುದು ಇನ್ನೂ ಉತ್ತಮ, ಅದರಲ್ಲಿ ಪಕ್ಕದವರ ಮಾತೂ ಕೇಳುತ್ತದೆ.

ಬಾಯಿ

ಇಲ್ಲಿಂದ ನಿಜವಾದ ಕಲಿಕೆ. ತೈಕೊ ಪಾಠ ಬಾಯಿಂದ ಬಾಯಿಗೆ ಹೋಗುತ್ತದೆ. ಈ ಬಾಯಿಪಾಠಕ್ಕೆ ಕುಚಿ ಶೋಗ ಅನ್ನುತ್ತಾರೆ. ನಡುವೆ ಜೋರಾಗಿ ಒಂದು ಪೆಟ್ಟು ಬಿದ್ದರೆ ದೊನ್. ಅಷ್ಟೇ ಹೊತ್ತಿನಲ್ಲಿ ಒಂದರ ಹಿಂದೆ ಒಂದು ಎರಡು ಪೆಟ್ಟು ಬಿದ್ದರೆ ದೊಕೊ. ಅಂಚಿನ ಮರಕ್ಕೆ ಹೊಡೆದರೆ ಕ, ಅಲ್ಲೇ ಬೇಗ ಎರಡು ಹೊಡೆದರೆ ಕರ. ಮೆಲ್ಲಗೆ ತಾಗಿಸಿದರೆ ತ್ಸು. ಖಾಲಿ ಬಿಟ್ಟರೆ ಸು. ಶಿಮೆ ಎಂಬ ಚಿಕ್ಕ ಬಿಗಿ ಡೋಲಿನ ದನಿ ಬೇರೆ, ಹಾಗಾಗಿ ಅಲ್ಲಿ ತೆನ್ ಮತ್ತು ತೆಕೆ. ಖಾಲಿಗೂ ಒಂದು ಉಚ್ಚಾರ ಇರುವುದು ಗಮನಿಸಿ. ಸುಮ್ಮನಿರುವ ಹೊತ್ತನ್ನೂ ಬಾಯಿ ಹೇಳಬೇಕು, ಇಲ್ಲದಿದ್ದರೆ ಕೈ ಅಲ್ಲಿ ಆತುರಪಡುತ್ತದೆ.

ಮೃದಂಗ ಕಲಿತವರಿಗೆ, ಆ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕೊನ್ನಕ್ಕೋಲ್ ಕೇಳಿ ಬೆಳೆದವರಿಗೆ ಇದು ತವರುಮನೆ ಇದ್ದ ಹಾಗೆ. ತಾಳದ ಒಂದು ಎಣಿಕೆಯಲ್ಲಿ ತಕ ಹೇಳುವುದೂ ದೊಕೊ ಹೇಳುವುದೂ ಲೆಕ್ಕದಲ್ಲಿ ಒಂದೇ. ಆದರೆ ಒಂದು ವ್ಯತ್ಯಾಸವನ್ನು ಬೇಗ ಒಪ್ಪಿಕೊಳ್ಳಿ. ನಮ್ಮ ಹಾಗೆ ಇಲ್ಲಿ ಕೈಯಲ್ಲಿ ತಾಳ ಹಾಕುವುದಿಲ್ಲ. ನಡೆಯನ್ನು ಇನ್ನೊಬ್ಬರು ಡೋಲಿನಲ್ಲಿ ಹಿಡಿದಿರುತ್ತಾರೆ. ನೀವು ಎಣಿಸುತ್ತಾ ಕೂತರೆ ಅವರನ್ನು ಕೇಳುವುದು ತಪ್ಪಿಹೋಗುತ್ತದೆ. ಕೆಲವು ನಡೆಗಳಲ್ಲಿ ಎರಡು ಪೆಟ್ಟಿನ ನಡುವಿನ ಅಂತರ ಸಮ ಇರುವುದಿಲ್ಲ. ಮೊದಲನೆಯದು ಸ್ವಲ್ಪ ಎಳೆಯುತ್ತದೆ, ಎರಡನೆಯದು ಅದರ ಬಾಲಕ್ಕೆ ಅಂಟಿಕೊಂಡು ಬರುತ್ತದೆ. ಅದನ್ನು ಲೆಕ್ಕ ಹಾಕಿ ಹಿಡಿಯಲು ಆಗದು, ಕೇಳಿ ಕೇಳಿಯೇ ಬರಬೇಕು.

ಮೊದಲ ವಾರದ ಪಾಠ ಇಷ್ಟೇ:

ದೊನ್ ದೊಕೊ ದೊನ್ ದೊಕೊ
ದೊನ್ ದೊನ್ ದೊಕೊ ದೊನ್
ದೊಕೊ ದೊಕೊ ದೊನ್ ಸು

ಕೋಲು ಮುಟ್ಟಬೇಡಿ. ವಾಕಿಂಗ್ ಹೋಗುವಾಗ ಹೆಜ್ಜೆಗೊಂದು ಉಚ್ಚಾರ ಇಟ್ಟು ಹೇಳಿ. ದೊನ್‌ಗೆ ಒಂದು ಹೆಜ್ಜೆ, ದೊಕೊಗೂ ಒಂದೇ ಹೆಜ್ಜೆ, ಸುಗೆ ಒಂದು ಹೆಜ್ಜೆ. ಸಾಲಿಗೆ ನಾಲ್ಕು ಹೆಜ್ಜೆ. ಬಾಯಿ ತಡವರಿಸದೆ ಬಂದ ಮೇಲೆ ಕೂತು ತೊಡೆ ತಟ್ಟಿ. ದೊನ್ ಬಲಗೈ, ದೊಕೊದಲ್ಲಿ ದೊ ಬಲಗೈ, ಕೊ ಎಡಗೈ. ಬಾಯಿಗೆ ಬಾರದ್ದು ಡೋಲಿಗೆ ಬರುವುದಿಲ್ಲ. ತರಗತಿಯಲ್ಲಿ ಯಾರಾದರೂ ಒಂದು ತಿರುವಿನಲ್ಲಿ ಪದೇ ಪದೇ ಎಡವಿದರೆ ಒಳ್ಳೆಯ ಗುರುಗಳು ಕೋಲು ಕೆಳಗಿಡಿಸಿ ಬಾಯಲ್ಲಿ ಹೇಳಿಸುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ತಪ್ಪು ಬಾಯಲ್ಲೇ ಇರುತ್ತದೆ.

ಕಾಲು

ಡೊಳ್ಳು ಕುಣಿತ ಆಡಿದವರಿಗೆ ಮೈಯಲ್ಲಿ ಡೋಲು ಹಿಡಿಯುವುದು ಗೊತ್ತು. ಆದರೆ ಅಲ್ಲಿ ಡೊಳ್ಳು ಸೊಂಟಕ್ಕೆ ಕಟ್ಟಿರುತ್ತದೆ, ನಿಮ್ಮ ಜೊತೆ ಅದೂ ಓಡಾಡುತ್ತದೆ. ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಗೈ. ನಗಾದೊ ಸ್ಟ್ಯಾಂಡಿನ ಮೇಲೆ ಕದಲದೆ ಕೂತಿರುತ್ತದೆ, ಎರಡೂ ಕೈಯಲ್ಲಿ ಕೋಲು. ಆದ್ದರಿಂದ ಇಲ್ಲಿ ಕಾಲಿನ ಕೆಲಸ ಬೇರೆಯದೇ.

ಪಾದಗಳನ್ನು ಭುಜಕ್ಕಿಂತ ಅಗಲ ಇಡಿ. ಎಡಪಾದ ಸ್ವಲ್ಪ ಮುಂದೆ, ಎಡಮಂಡಿ ಮಡಿಸಿ. ಬಲಗಾಲು ಹಿಂದೆ, ಹೆಚ್ಚುಕಮ್ಮಿ ನೇರ. ಬೆನ್ನು ಬಾಗದೆ ಸೊಂಟ ಕೆಳಗಿಳಿಯಬೇಕು. ಮಡಿಸಿದ ಮಂಡಿ ಕಾಲ್ಬೆರಳಿನ ದಿಕ್ಕಿಗೇ ಇರಲಿ, ಒಳಕ್ಕೆ ವಾಲಿದರೆ ನೋವು ಗ್ಯಾರಂಟಿ. ಎರಡೂ ಕೋಲಿನ ತುದಿ ಚರ್ಮದ ನಡುವೆ ಸೇರುವಂತೆ ಕೈ ಚಾಚಿ. ಮೊಣಕೈ ಹೊಟ್ಟೆಗೆ ಅಂಟಿದರೆ ತುಂಬಾ ಹತ್ತಿರ ನಿಂತಿದ್ದೀರಿ, ಕೈ ಪೂರ್ತಿ ನೆಟ್ಟಗಾದರೆ ದೂರ. ಇದು ಹೆಚ್ಚಿನ ಗುಂಪುಗಳ ಮೊದಲ ನಿಲುವು. ನಿಮ್ಮ ಗುರುಗಳು ಬೇರೆ ಹೇಳಿದರೆ ಅವರ ಮಾತೇ ಸರಿ.

ದಿನಾ ಹಲ್ಲುಜ್ಜುವಾಗ ಈ ನಿಲುವಿನಲ್ಲಿ ನಿಂತುಕೊಳ್ಳಿ. ಆರಂಭದಲ್ಲಿ ತೊಡೆ ನಡುಗುತ್ತದೆ. ಇಳಿಯಲು ಆಗದಿದ್ದರೆ ಸ್ವಲ್ಪ ಎತ್ತರದಲ್ಲೇ ನಿಲ್ಲಿ, ಆದರೆ ಪಾದದ ಜಾಗ ಬದಲಿಸಬೇಡಿ. ವಯಸ್ಸಾದವರು ಪಕ್ಕದ ಇಪ್ಪತ್ತರ ಹುಡುಗನಷ್ಟು ಕೆಳಗೆ ಇಳಿಯಬೇಕಾಗಿಲ್ಲ. ಕಾಲು ಗಟ್ಟಿ ನಿಂತಿತೆಂದರೆ ಭುಜ ತಾನಾಗಿಯೇ ಸಡಿಲವಾಗುತ್ತದೆ, ನಮಗೆ ಬೇಕಾದದ್ದೂ ಅದೇ.

ಕೈ, ಅಂದರೆ ಒಂದೇ ಒಂದು ದೊನ್

ದೊಡ್ಡವರಿಗೆ ತೊಡಕಾಗುವುದು ಬಲ ಇಲ್ಲದ್ದರಿಂದ ಅಲ್ಲ, ಬಲ ಹಾಕುವುದರಿಂದ. ದಿನವಿಡೀ ಕಂಪ್ಯೂಟರ್ ಮುಂದೆ ಕೂತ ಭುಜ ಕಿವಿಯ ಹತ್ತಿರ ಏರಿಕೊಂಡಿರುತ್ತದೆ. ಅದೇ ಭುಜದಿಂದ ಬೀಸಿ ಹೊಡೆದರೆ ಸದ್ದು ದೊಡ್ಡದಾಗುವುದಿಲ್ಲ, ಒಡೆಯುತ್ತದೆ.

ಒಂದು ಪೆಟ್ಟನ್ನು ನಿಧಾನವಾಗಿ ನೋಡೋಣ. ಬಲಗೈ ಮೇಲೆತ್ತಿ, ಕೋಲಿನ ತುದಿ ಆಕಾಶ ನೋಡಲಿ. ಈಗ ಭುಜವನ್ನು ಮಾತ್ರ ಕೆಳಗೆ ಬಿಡಿ, ಕೈ ಮೇಲೇ ಇರಲಿ. ಇದೊಂದೇ ಕಲಿಯಲು ಕೆಲವರಿಗೆ ತಿಂಗಳು ಬೇಕು. ಕೋಲನ್ನು ಬೆರಳುಗಳು ಸುತ್ತಿಕೊಂಡಿರುತ್ತವೆ, ಹಿಚುಕಿರುವುದಿಲ್ಲ. ಪಕ್ಕದವರು ಎಳೆದರೆ ಕೋಲು ಜಾರಿ ಬರಬೇಕು, ಅಷ್ಟು ಸಡಿಲ. ಮೊದಲು ಮೊಣಕೈ ಬೀಳುತ್ತದೆ. ಅದರ ಹಿಂದೆ ಮುಂಗೈ. ಕೊನೆಗೆ ಮಣಿಕಟ್ಟು ಚಕ್ಕನೆ ತಿರುಗುತ್ತದೆ. ಚರ್ಮ ಮುಟ್ಟುವ ಗಳಿಗೆಯಲ್ಲಿ ಬೆರಳು ಬಿಗಿಯಾಗಿ, ಮರುಗಳಿಗೆ ಮತ್ತೆ ಸಡಿಲ. ಕೋಲು ಚರ್ಮಕ್ಕೆ ಹೆಚ್ಚುಕಮ್ಮಿ ಸಮಾನಾಂತರವಾಗಿ ಬೀಳಬೇಕು, ತುದಿಯಿಂದ ಚುಚ್ಚಿದರೆ ಕಟ್ಟಿಗೆ ತಾಗಿದ ಸದ್ದು ಬರುತ್ತದೆ. ಬಿದ್ದ ಕೋಲನ್ನು ನೀವು ಎತ್ತುವುದು ಬೇಡ. ಚರ್ಮವೇ ಅದನ್ನು ಹಿಂದಕ್ಕೆ ಎಸೆಯುತ್ತದೆ, ಕೈ ಅದರ ಜೊತೆ ಹೋದರೆ ಸಾಕು. ಕಣ್ಣು ಕೋಲಿನ ಮೇಲಲ್ಲ, ಮುಂದೆ.

ಸರಿಯಾಗಿ ಬಿದ್ದ ದೊನ್ ಕಿವಿಗಿಂತ ಮೊದಲು ಹೊಟ್ಟೆಗೆ ಗೊತ್ತಾಗುತ್ತದೆ. ಒಮ್ಮೆ ಬಂದರೆ ನೀವೇ ಗುರುತಿಸುತ್ತೀರಿ.

ಬಲ, ಎಡ, ಬಲ, ಎಡ ಎಂದು ಒಂದೇ ಪೆಟ್ಟನ್ನು ಮತ್ತೆ ಮತ್ತೆ ಹಾಕುವ ಅಭ್ಯಾಸ ಉಚಿಕೊಮಿ. ತರಗತಿಯ ಆರಂಭದಲ್ಲಿ ಇದೇ ಇರುತ್ತದೆ, ಬೇಸರ ಪಡಬೇಡಿ. ಎಡಗೈ ಹಿಂದುಳಿಯುವುದು ಖಂಡಿತ, ಅದಕ್ಕೆ ಎರಡು ಪಾಲು ಕೊಡಿ. ಇನ್ನೊಂದು ಒರೊಶಿ. ಬಹಳ ಬಿಟ್ಟು ಬಿಟ್ಟು ಹೊಡೆಯುತ್ತಾ ಶುರುಮಾಡಿ, ಅಂತರ ಕಡಿಮೆ ಮಾಡುತ್ತಾ ಮಳೆ ಸುರಿದಂತೆ ಆಗುವವರೆಗೆ ಹೋಗುವುದು. ಎಲ್ಲಿ ಭುಜ ಮತ್ತೆ ಏರಿತು ಅನ್ನುವುದನ್ನು ಒರೊಶಿಯೇ ತೋರಿಸಿಕೊಡುತ್ತದೆ.

ಬೊಬ್ಬೆ ಏಳುತ್ತವೆ. ಅವು ಹಿಡಿತ ಬಿಗಿಯಾಗಿದೆ ಎಂದು ಹೇಳುತ್ತಿವೆ. ಟೇಪು ಸುತ್ತಿಕೊಳ್ಳಿ, ಒಡೆಯಬೇಡಿ. ಮೈಕೈ ನೋವು ಎರಡು ದಿನದಲ್ಲಿ ಹೋಗುವಂಥದ್ದಾದರೆ ಸರಿ. ಮೊಣಕೈ ಅಥವಾ ಮಣಿಕಟ್ಟಿನ ಒಂದೇ ಬಿಂದುವಿನಲ್ಲಿ ಚುಚ್ಚುತ್ತಿದ್ದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಮನೆಯಲ್ಲಿ ಟೈರು

ಅಮೆರಿಕದ ಎಷ್ಟೋ ಗುಂಪುಗಳು ಅಭ್ಯಾಸಕ್ಕೆ ಹಳೆಯ ಟೈರು ಬಳಸುತ್ತವೆ. ನಮ್ಮಲ್ಲಂತೂ ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಟ್ಟಾರು. ಕಾರಿನ ಟೈರನ್ನು ಚೆನ್ನಾಗಿ ತೊಳೆದು ಒಣಗಿಸಿ. ಪಾರ್ಸೆಲ್‌ಗೆ ಸುತ್ತುವ ಅಗಲದ ಟೇಪನ್ನು ಟೈರಿನ ಬಾಯಿಯ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದು ಅಂಟಿಸಿ. ಸ್ವಲ್ಪ ತಿರುಗಿಸಿ ಮತ್ತೊಂದು. ನಕ್ಷತ್ರದ ಹಾಗೆ ಸುತ್ತ ಬರುತ್ತಾ ಬಾಯಿ ಪೂರ್ತಿ ಮುಚ್ಚಿ, ಮೇಲೆ ಇನ್ನೂ ಕೆಲವು ಪದರ ಹಾಕಿ. ಪ್ರತಿ ಸಲವೂ ಬಿಗಿಯಾಗಿ ಎಳೆಯಬೇಕು. ಸಡಿಲವಾದರೆ ಕೋಲು ಪುಟಿಯುವುದಿಲ್ಲ. ಗಟ್ಟಿ ಸ್ಟೂಲಿನ ಮೇಲೆ ಸೊಂಟದೆತ್ತರಕ್ಕೆ ಇಡಿ. ಅಪಾರ್ಟ್‌ಮೆಂಟಿನಲ್ಲಿದ್ದರೆ ಸ್ಟೂಲಿನ ಕೆಳಗೆ ದಪ್ಪ ಚಾಪೆ ಹಾಕಿ, ಕೆಳಮನೆಯವರಿಗೆ ಒಂದು ಮಾತು ಹೇಳಿಬಿಡಿ.

ದಿನಕ್ಕೆ ಕಾಲು ಗಂಟೆ ಸಾಕು. ಐದು ನಿಮಿಷ ಬಾಯಿ, ಹತ್ತು ನಿಮಿಷ ಟೈರು. ಒಂದೇ ವೇಗದಲ್ಲಿ ಟಕ್ ಟಕ್ ಅನ್ನುವ ಮೆಟ್ರೊನೋಮ್ ಆ್ಯಪನ್ನು ನಿಮಿಷಕ್ಕೆ 60ಕ್ಕೆ ಇಡಿ. ನಿಧಾನ ಬಾರಿಸುವುದೇ ಕಷ್ಟ, ಅದಕ್ಕೇ ಅಲ್ಲಿಂದ ಶುರು. ವಾರಕ್ಕೊಮ್ಮೆ ಫೋನನ್ನು ಪಕ್ಕದಲ್ಲಿಟ್ಟು ವೀಡಿಯೊ ಮಾಡಿ, ಭುಜ ಮತ್ತು ಮಂಡಿ ಮಾತ್ರ ನೋಡಿ.

ಜೊತೆಗೆ ಬಾರಿಸುವುದು

ತರಗತಿಗೆ ಒಳಬರುವಾಗ ತಲೆಬಾಗುತ್ತಾರೆ, ಶುರುವಾಗುವಾಗ ಎಲ್ಲರೂ ಒಟ್ಟಿಗೆ ಒನೆಗಾಯ್ ಶಿಮಾಸು, ಅಂದರೆ ದಯವಿಟ್ಟು ನಡೆಸಿಕೊಡಿ, ಅನ್ನುತ್ತಾರೆ. ಚಪ್ಪಲಿ ಹೊರಗೆ. ಉಂಗುರ, ಬಳೆ, ವಾಚು ತೆಗೆದಿಡಿ, ಡೋಲಿನ ಚರ್ಮಕ್ಕೆ ತರಚುತ್ತದೆ. ಡೋಲಿಗೆ ಒರಗಬಾರದು, ಅದರ ಮೇಲೆ ನೀರಿನ ಬಾಟಲಿ ಇಡಬಾರದು, ಕೆಳಗಿಟ್ಟ ಕೋಲನ್ನು ದಾಟಬಾರದು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಹಳ ಕಡೆ ಮುಗಿದ ಮೇಲೆ ನೆಲ ಒರೆಸಿ, ಡೋಲುಗಳನ್ನು ಒಳಗಿಟ್ಟೇ ಹೊರಡುವುದು. ಹೊಸಬರು ಮೊದಲು ಕೈ ಹಾಕಿದರೆ ಎಲ್ಲರಿಗೂ ಖುಷಿ.

ಅವಕಾಶ ಸಿಕ್ಕಾಗೆಲ್ಲ ಜಿ ಕೇಳಿ ತಗೊಳ್ಳಿ. ಜಿ ಅಂದರೆ ಹಿಂದೆ ಬಿಡದೆ ನಡೆಯುವ ಆಧಾರದ ಪೆಟ್ಟು, ನೀವು ವೇದಿಕೆಯ ಪಕ್ಕದಿಂದ ನೋಡಿದಿರಲ್ಲ, ಅವರ ಕೆಲಸ. ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಆದರೆ ವೇಗ ಓಡಿಸದೆ, ಎಳೆಯದೆ ಐದು ನಿಮಿಷ ತೆಕೆ ತೆಕೆ ಹಿಡಿದು ನಿಂತರೆ ನಿಮ್ಮ ಕಿವಿ ಬೆಳೆಯುವುದನ್ನು ನೀವೇ ಕಾಣುತ್ತೀರಿ. ನನ್ನ ಮಟ್ಟಿಗೆ ತೈಕೊದ ಅತಿ ದೊಡ್ಡ ಸಂತೋಷ ಇರುವುದು ಅಲ್ಲೇ.

ಇನ್ನು ಕೂಗು. ಸೊರೆ, ಹಾ, ಯೊ ಎಂದು ಕೂಗುವ ಕಕೆಗೊಯೆಗೆ ದೊಡ್ಡವರು ತುಂಬಾ ನಾಚುತ್ತಾರೆ. ಅದು ಅಲಂಕಾರಕ್ಕಲ್ಲ. ಮುಂದಿನ ಭಾಗ ಎಲ್ಲಿ ಶುರು, ಖಾಲಿ ಜಾಗ ಎಷ್ಟು ಎಂದು ಅದರಿಂದಲೇ ಜೊತೆಯವರಿಗೆ ತಿಳಿಯುವುದು. ಕೂಗಿದಾಗ ಹಿಡಿದಿಟ್ಟ ಉಸಿರೂ ಹೊರಬರುತ್ತದೆ. ಗಂಟಲಿನಿಂದ ಬೇಡ, ಹೊಟ್ಟೆಯಿಂದ ಕೂಗಿ.

ವರ್ಷ ಕಳೆದ ಮೇಲೆ

ಒಂದೆರಡು ರಚನೆ ಕೈಗೆ ಬಂದ ಕೂಡಲೇ ಆಫೀಸಿನ ಸಮಾರಂಭದಲ್ಲಿ, ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಬಾರಿಸುವ ಆಸೆ ಬರುತ್ತದೆ. ಬಾರಿಸಿ, ಆದರೆ ಕೇಳಿ ಬಾರಿಸಿ. ಹೆಚ್ಚಿನ ರಚನೆಗಳು ಯಾವುದೋ ಒಂದು ತಂಡದ್ದು ಅಥವಾ ಒಂದು ಊರಿನದ್ದು. ಮಿಯಾಕೆ ಶೈಲಿಯನ್ನೇ ನೋಡಿ. ಡೋಲನ್ನು ಕೆಳಗೆ ಅಡ್ಡ ಇಟ್ಟು, ಮಂಡಿ ಪೂರ್ತಿ ಬಗ್ಗಿಸಿ, ಪಕ್ಕದಿಂದ ಮೈ ತಿರುಗಿಸಿ ಹೊಡೆಯುವುದು. ಈಗ ಲೋಕದ ಎಲ್ಲ ಕಡೆ ಬಾರಿಸುತ್ತಾರೆ. ಆದರೆ ಅದು ಮಿಯಾಕೆ ದ್ವೀಪದ ಕಮಿತ್ಸುಕಿ ಊರಿನ ಜುಲೈ ಹಬ್ಬದ ಬಾರಿಕೆ. 2000ರಲ್ಲಿ ಜ್ವಾಲಾಮುಖಿ ಸಿಡಿದು ಆ ದ್ವೀಪದವರೆಲ್ಲ ಮನೆ ಬಿಟ್ಟರು, ವಾಪಸ್ ಹೋಗಲು ಅನುಮತಿ ಸಿಕ್ಕಿದ್ದು 2005ರಲ್ಲಿ. ಅಂಥ ಜನರ ಬಾರಿಕೆಯನ್ನು ವೀಡಿಯೊ ನೋಡಿ ಎತ್ತಿಕೊಂಡು ಬಾರಿಸುವುದು ನನಗೆ ಸರಿ ಕಾಣುವುದಿಲ್ಲ. ಅವರಿಂದ ಕಲಿತವರ ಬಳಿ ಕಲಿಯಿರಿ, ಎಲ್ಲಿಯದು ಎಂದು ವೇದಿಕೆಯಲ್ಲಿ ಹೇಳಿ. ತೊಡೆಗೆ ಶಕ್ತಿ ಬರುವ ಮುಂಚೆ ಈ ಶೈಲಿಗೆ ಇಳಿಯಲೂ ಬೇಡಿ.

ಅಷ್ಟರಲ್ಲಿ ನಿಮ್ಮ ಮೊದಲ ಜೋಡಿ ಬಚಿಯ ತುದಿ ಸವೆದಿರುತ್ತದೆ, ಅಂಚಿಗೆ ಕ ಹೊಡೆದ ಜಾಗದಲ್ಲಿ ಸಿಬಿರು ಎದ್ದಿರುತ್ತದೆ. ಸಣ್ಣ ಉಪ್ಪುಕಾಗದದಿಂದ ಉಜ್ಜಿ ನಯ ಮಾಡಿ. ಸೀಳು ಕಂಡರೆ ಮಾತ್ರ ಚರ್ಮದ ಹತ್ತಿರ ತರಬೇಡಿ, ಅದನ್ನು ಟೈರಿಗೆ ಇಟ್ಟುಕೊಂಡು ಹೊಸ ಜೋಡಿ ತಗೊಳ್ಳಿ. ಈ ಸಲ ಸ್ವಲ್ಪ ಭಾರದ್ದು ಹಿಡಿದು ನೋಡಬಹುದು.